ರೊಟ್ಟಿ ಬಡಿಯುವ ಸಪ್ಪಳ

ಫಕೀರವ್ವನ ಬಾಗಿಲಿಗೆ ಹಲಗೆ ಇಟ್ಟು ಮೊಳೆ ಹೊಡೆಯುವಾಗ ಅವಳು ಒಳಗಿನಿಂದ ಬಾಗಿಲನ್ನು ನೂಕುತ್ತಿದ್ದಳು. ಹೊರಗೆ ಚನ್ನವೀರ ಹಲಗೆಗೆ ಭುಜ ಕೊಟ್ಟು ನಿಂತಿದ್ದ. ಅವನ ಗೆಳೆಯ ಯಮನೂರ ಸುತ್ತಿಗೆ ಬೀಸುತ್ತಿದ್ದ. ಬಾಗಿಲ ಸಂದಿಯಿಂದ ಅವಳ ಬಲಗೈಯ ಬೆರಳುಗಳು ಹೊರಗೆ ಬಂದವು. ಯಮನೂರ ಯೋಚಿಸುವ ಗೋಜಿಗೇ ಹೋಗದೆ ಸುತ್ತಿಗೆಯನ್ನು ಬೆರಳುಗಳ ಮೇಲೆ ಇಳಿಸಿದ. ಅವಳು ಚೀರಿದ್ದು ಇಡೀ ಹುಣಸಿಕಟ್ಟಿ ಓಣಿಗೆ ಕೇಳಿಸಿತು. ಜನ ಕಿಟಕಿ ತೆರೆದು ನೋಡಿದರು, ಮತ್ತೆ ಮುಚ್ಚಿಕೊಂಡರು.

"ಲೇ ಚನ್ನೂ, ಬಿಡಲೇ! ಆಕಿ ಬಡದ ರೊಟ್ಟಿ ತಿಂದು ಬೆಳದಾಂವಲೇ ನೀ!" ಪಕ್ಕದ ಮನೆಯಿಂದ ಓಡಿ ಬಂದ ಕಲ್ಲವ್ವ ಮಗನ ಅಂಗಿ ಹಿಡಿದು ಜಗ್ಗಿದಳು.

"ಯವ್ವಾ, ಒಳಗ ನಡೀಬೇ. ದೀಪ ಕೆಂಪಾಗೇತಿ. ನನ್ನ ಕೈಯಾಗ ಏನೈತಿ?"

ಹಾಗೆ ಕೇಳಿದವನ ಕೈಯಲ್ಲಿ ಮೊಳೆಯ ಡಬ್ಬಿ ಇತ್ತು. ಆ ವರ್ಷ ಊರಿನಲ್ಲಿ ಯಾರನ್ನು ಕೇಳಿದರೂ ಇದೇ ಮಾತು ಹೇಳುತ್ತಿದ್ದರು.

ಅದು ಕೆಂಡಜ್ವರದ ಎರಡನೆಯ ವರ್ಷ. ಮೊದಲ ವರ್ಷ ಜನ ಒಬ್ಬರಿಗೊಬ್ಬರು ಕಷಾಯ ಹಂಚಿದ್ದರು, ಆಸ್ಪತ್ರೆಯ ನರ್ಸುಗಳ ಮೇಲೆ ಹೂವು ಎರಚಿದ್ದರು. ಎರಡನೆಯ ವರ್ಷ ಅದೇ ನರ್ಸುಗಳನ್ನು ಬಾಡಿಗೆ ಮನೆಯಿಂದ ಹೊರಗೆ ಹಾಕಿದರು. ಕೆಮ್ಮು ಬಂದವರು ದಿಂಬಿಗೆ ಬಾಯಿ ಒತ್ತಿ ಕೆಮ್ಮಿದರು. ಮೇಲಿನ ಓಣಿಯಲ್ಲಿ ಒಬ್ಬ ದರ್ಜಿಯನ್ನು ಕಂಬಕ್ಕೆ ಕಟ್ಟಿ, ಹತ್ತಿ ಹೊಲಕ್ಕೆ ಹೊಡೆಯುವ ಹುಳದ ವಿಷವನ್ನು ಮುಖಕ್ಕೆ ಹೊಡೆದರು. ಅವನಿಗೆ ಈಗ ಕಣ್ಣು ಕಾಣುವುದಿಲ್ಲ. ಅವನಿಗಿದ್ದದ್ದು ಬರೀ ಶೀತ. ಯಾರ ಮೈಯಲ್ಲಿ ರೋಗ ಇದೆ, ಯಾರ ಮೈಯಲ್ಲಿ ಇಲ್ಲ ಎಂದು ತಿಳಿಯದ್ದಕ್ಕೇ ಇಷ್ಟೆಲ್ಲ ಆಗುತ್ತಿದೆ, ತಿಳಿಯುವಂತಾದರೆ ಜನ ಮತ್ತೆ ಮನುಷ್ಯರಾಗುತ್ತಾರೆ ಎಂದು ದೊಡ್ಡವರು ಭಾಷಣ ಮಾಡಿದರು. ಹಾಗೆ ಬಂದದ್ದು ಉಸಿರುದೀಪ.

ಪ್ರತಿ ಮನೆಯ ಬಾಗಿಲ ಮೇಲೆ ತೆಂಗಿನಕಾಯಿ ಗಾತ್ರದ ಗಾಜಿನ ಬುರುಡೆ. ಅದರ ಹಿಂದಿನ ಸಣ್ಣ ಕೊಳವೆ ಮನೆಯೊಳಗಿನ ಗಾಳಿಯನ್ನು ಹೀರಿಕೊಳ್ಳುತ್ತಿತ್ತು. ನಾವು ಬಿಡುವ ಉಸಿರಿನಲ್ಲಿ ನೂರಾರು ಬಗೆಯ ಆವಿಗಳಿರುತ್ತವೆ. ಮೈಯೊಳಗೆ ಏನು ನಡೆದರೂ ಅದರ ಒಂದು ಚೂರು ಉಸಿರಿನ ಜೊತೆ ಹೊರಗೆ ಬರುತ್ತದೆ. ಕೆಂಡಜ್ವರದ ರೋಗಿಗಳ ಉಸಿರನ್ನೂ ಗಟ್ಟಿಮುಟ್ಟಾದವರ ಉಸಿರನ್ನೂ ಯಂತ್ರಕ್ಕೆ ಉಣಿಸಿ, ಎರಡಕ್ಕೂ ಏನು ವ್ಯತ್ಯಾಸ ಎಂಬುದನ್ನು ನೀನೇ ಕಲಿತುಕೋ ಎಂದು ಬಿಟ್ಟಿದ್ದರು. ಯಂತ್ರ ಕಲಿಯಿತು. ಮನೆಯೊಳಗಿನ ಒಬ್ಬರ ಉಸಿರಿನಲ್ಲಿ ಆ ವ್ಯತ್ಯಾಸ ಕಂಡರೂ ಸಾಕು, ಹಸಿರು ದೀಪ ಕೆಂಪಾಗುತ್ತಿತ್ತು. ಆ ಸುದ್ದಿ ನಿಯಂತ್ರಣ ಕೊಠಡಿಗೂ, ಅಲ್ಲಿಂದ ಓಣಿಯ ಕಾವಲು ಪಡೆಗೂ ಹೋಗುತ್ತಿತ್ತು. ಪಡೆಯವರು ಬಂದು ಬಾಗಿಲು ಬಡಿದು ಮುಚ್ಚುತ್ತಿದ್ದರು.

ಪಡೆಗೆ ಸುದ್ದಿ ಕಳಿಸುವ ಗುಂಡಿ ಒತ್ತುವವರಲ್ಲಿ ಕಲ್ಲವ್ವನ ಮಗಳು ಕುಮುದಾ ಒಬ್ಬಳು. ಚನ್ನವೀರನಿಗೆ ಅಕ್ಕ. ದೀಪವನ್ನು ತಯಾರಿಸಿದ ಪ್ರಯೋಗಾಲಯದಲ್ಲಿದ್ದು, ಈಗ ಜಿಲ್ಲಾ ನಿಯಂತ್ರಣ ಕೊಠಡಿಯಲ್ಲಿ ಕೂತಿದ್ದಳು. ಗೋಡೆಯಷ್ಟು ಅಗಲದ ನಕಾಶೆಯಲ್ಲಿ ಫಕೀರವ್ವನ ಮನೆ ಕೆಂಪು ಚುಕ್ಕೆಯಾದಾಗ ಅವಳ ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಒತ್ತಿತು.

ಅವಳಿಗೆ ಕೆಲವು ದಿನಗಳಿಂದ ಒಂದು ವಿಷಯ ಕೊರೆಯುತ್ತಿತ್ತು. ಆಸ್ಪತ್ರೆಗೆ ಸಾಯಲು ಬರುತ್ತಿದ್ದವರಲ್ಲಿ ಹಸಿರು ದೀಪದ ಮನೆಯವರೂ ಬೇಕಾದಷ್ಟು ಜನ ಇದ್ದರು. ಅದನ್ನು ಮುಖ್ಯಸ್ಥರಾದ ಡಾಕ್ಟರ್ ನರಗುಂದಕರ ಅವರ ಕಿವಿಗೆ ಹಾಕಿದಳು.

"ಯಂತ್ರ ಅಂದಮ್ಯಾಲೆ ಒಂದಿಷ್ಟು ತಪ್ಪತದ," ಎಂದರು ಅವರು. "ಆದ್ರ ಇದನ್ನ ನೋಡ್ರಿ. ಒಂದು ಸಲ ಕೆಂಪಾಗಿ ಮುಚ್ಚಿದ ಮನಿ ತಿರುಗಿ ಹಸಿರಾಗೂದೇ ಇಲ್ಲ. ಹಂಗಂದ್ರ ರೋಗ ಒಳಗ ಬೆಳ್ಯಾಕತ್ತದ ಅಂತ ಅರ್ಥ. ಇದಕ್ಕಿಂತ ದೊಡ್ಡ ಪುರಾವೆ ಬೇಕೇನ್ರಿ ನಿಮಗ?"

ಕುಮುದಾಳಿಗೆ ಆಗ ಅದು ಸರಿ ಎನಿಸಿತು.

ಆ ಬಾಗಿಲು ಮುಚ್ಚಿದ ಹತ್ತಾರು ದಿನಗಳ ಮೇಲೆ, ಭಾನುವಾರ ಮಧ್ಯಾಹ್ನ ಕುಮುದಾ ಮನೆಗೆ ಬಂದಾಗ ಕಲ್ಲವ್ವ ಫಕೀರವ್ವನ ಮನೆಗೂ ತಮ್ಮ ಮನೆಗೂ ನಡುವಿದ್ದ ಗೋಡೆಗೆ ಕಿವಿ ಕೊಟ್ಟು ಕೂತಿದ್ದಳು. ಫಕೀರವ್ವ ಒಂಟಿ ಹೆಂಗಸು. ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬದುಕಿದವಳು. ಅವಳ ರೊಟ್ಟಿ ಎಷ್ಟು ತೆಳ್ಳಗೆಂದರೆ, ಬೆಳಕಿಗೆ ಹಿಡಿದರೆ ಆಚೆ ಕಡೆಯವರ ಮೂಗು ಕಾಣುತ್ತದೆ ಎಂದು ಖಾನಾವಳಿಯ ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಜ್ವರ ಬಂದಮೇಲೆ ಖಾನಾವಳಿ ಬಾಗಿಲು ತೆರೆದಿರಲಿಲ್ಲ.

ಗೋಡೆಯ ಆಚೆಯಿಂದ ಪಟ್ ಪಟ್ ಎಂದು ಸಪ್ಪಳ ಬರುತ್ತಿತ್ತು. ತಾಳ ತಪ್ಪಿದ ಸಪ್ಪಳ. ಬಲಗೈ ಜಜ್ಜಿಹೋಗಿದ್ದರಿಂದ ಎಡಗೈಯಲ್ಲಿ ಬಡಿಯುತ್ತಿದ್ದಳೋ ಏನೋ.

"ಸುಮ್ಮನ ಚಿಂತಿ ಮಾಡತೀಬೇ," ಎಂದಳು ಕುಮುದಾ. "ರೊಟ್ಟಿ ಬಡ್ಯಾಕತ್ತಾಳ ನೋಡು. ಅಂದ್ರ ಮನ್ಯಾಗ ಹಿಟ್ಟೈತಿ, ಮೈಯಾಗ ಶಕ್ತಿ ಐತಿ."

"ಸಪ್ಪಳ ಬರ್ತೈತಿ ಖರೆ. ಸುಡೂ ಘಮಾ ಎಲ್ಲಿ ಬರ್ತೈತಿ?"

"ಎಲ್ಲಾ ಕಡೆ ಮುಚ್ಚೇತಲ್ಲಬೇ, ಘಮಾ ಹೆಂಗ ಬರ್ತೈತಿ?"

"ಬಾಗಲಾ ಮುಚ್ಚೂಕಿಂತಾ ಮೊದಲೂ ಬರ್ತಿದ್ದಿಲ್ಲ. ನಾ ಕೇಳೀನಿ, ಊಟ ಆತೇನ ಫಕೀರವ್ವ ಅಂತ. ಆತಕ್ಕಾ, ಈಗರ ಮುಗೀತು, ಸಪ್ಪಳಾ ಕೇಳಲಿಲ್ಲೇನು ಅಂತಿದ್ಲು." ಕಲ್ಲವ್ವ ತಗಡಿನ ಮಾಡಿನ ಕೆಳಗಿದ್ದ ಹೊಸ ಸಿಮೆಂಟಿನ ಗುರುತು ತೋರಿಸಿದಳು. "ಆ ಸಂದ್ಯಾಗ ಎರಡು ರೊಟ್ಟಿ ತೂರಿಸೀನಿ ಅಂತ ನಿನ್ನ ತಮ್ಮ ಅದನ್ನೂ ಮೆತ್ತಿದ. ಪಡೆಯವ್ರು ಬೈತಾರಂತ."

ಕುಮುದಾ ಸಂಜೆಯ ಬಸ್ಸಿಗೆ ಹೊರಟುಹೋದಳು. ಮರುದಿನ ಗೋಡೆಯಾಚೆಯ ಸಪ್ಪಳ ನಿಂತಿತು.

ಆ ಕಡೆಯ ಊರುಗಳಲ್ಲಿ ಓಣಿಯಲ್ಲಿ ಹೆಣ ಇದ್ದಾಗ ಯಾರೂ ಒಲೆ ಹೊತ್ತಿಸುವುದಿಲ್ಲ. ಹೆಣ ಎತ್ತಿ, ಮಣ್ಣು ಮಾಡಿ, ಮೈ ತೊಳೆದುಕೊಂಡ ಮೇಲೆಯೇ ಒಂದು ತುತ್ತು. ಸತ್ತವರು ನೆಂಟರಾಗಿರಬೇಕೆಂದಿಲ್ಲ, ಜಗಳ ಆಡಿಕೊಂಡವರಾದರೂ ಸರಿ. ಜ್ವರದ ಕಾಲದಲ್ಲಿ ಜನ ಇದನ್ನೂ ಮಡಚಿಟ್ಟಿದ್ದರು. ಆದರೆ ಕಲ್ಲವ್ವ ಸೋಮವಾರದಿಂದ ಒಲೆ ಹೊತ್ತಿಸಲಿಲ್ಲ. ಚನ್ನವೀರ ಪಡೆಯವರ ಜೊತೆ ಪುಗಸಟ್ಟೆ ಪಲಾವು ತಿಂದು ಬರುತ್ತಿದ್ದವನು, ಅವ್ವನ ಹೊಟ್ಟೆಯ ಕಡೆ ಲಕ್ಷ್ಯ ಕೊಡಲಿಲ್ಲ.

ಬುಧವಾರ ಬೆಳಿಗ್ಗೆ ನಕಾಶೆಯಲ್ಲಿ ಹುಣಸಿಕಟ್ಟಿ ಓಣಿಯಲ್ಲಿ ಮೂರು ಹೊಸ ಕೆಂಪು ಚುಕ್ಕೆ ಎದ್ದವು. ಒಂದು ಕಲ್ಲವ್ವನ ಮನೆ.

"ಗ್ವಾಡಿ ದಾಟಿ ಬಂತಲ್ಲ," ಎಂದರು ನರಗುಂದಕರ, ಅದು ಯಾರ ಮನೆಯೆಂದು ಗೊತ್ತಿಲ್ಲದೆ. "ಇನ್ನ ಮೊಳಿ ಹೊಡದ್ರ ನಡಿಯೂದಿಲ್ಲ ಅಂತ ಪಡೆಯವರು ಅನ್ನಾಕತ್ತಾರ. ಮನೀನ ಸುಡತೀವಿ ಅಂತಾರ. ಕೆಳಗಿನ ಪ್ಯಾಟ್ಯಾಗ ನಿನ್ನೆ ಸುಟ್ಟಾರಂತ, ಮಂದಿ ಒಳಗಿದ್ದಾಗನ."

ಕುಮುದಾ ಅವ್ವನಿಗೆ ಫೋನು ಮಾಡಿದಳು. "ಯವ್ವಾ, ಜ್ವರಾ ಬಂದಾವೇನು? ಮೈ ಸುಡತೈತೇನು?"

"ಜ್ವರಾ ಯಾತರದು? ಉಂಡಿಲ್ಲ, ಅಷ್ಟ. ಮಗ್ಗಲದಾಗ ಹೆಣಾ ಇಟ್ಕೊಂಡು ಉಣ್ಣಾಕ ಬರತೈತೇನು? ನಾನು, ತುದಿಮನಿ ಬಸಮ್ಮಾಯಿ, ಗುಡಿ ಮಗ್ಗಲಿನ ನಿಂಗಮ್ಮಾಯಿ, ಮೂರೂ ಮಂದಿ ಬರೇ ನೀರ ಮ್ಯಾಲ ಅದೀವಿ."

ಮೂರು ಮುದುಕಿಯರು, ಮೂರು ಕೆಂಪು ಚುಕ್ಕೆ. ಕುಮುದಾ ತಿರುಗಿ ನಕಾಶೆ ನೋಡಿದಳು.

ಹೊಟ್ಟೆಗೆ ಅನ್ನ ಬೀಳದಿದ್ದರೆ ಮೈ ತನ್ನ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ. ಹಾಗೆ ಉರಿಸಿದಾಗ ಹುಟ್ಟುವ ಒಂದು ಆವಿ ಉಸಿರಿನಲ್ಲಿ ಹೊರಬರುತ್ತದೆ. ಇದು ಕಾಲೇಜಿನ ಮೊದಲ ವರ್ಷದ ಪಾಠ. ಆಸ್ಪತ್ರೆಯಲ್ಲಿ ಉಸಿರು ಹಿಡಿಯುವ ಚೀಲಗಳನ್ನು ರೋಗಿಗಳ ಬಾಯಿಗೆ ಇಟ್ಟವಳು ಕುಮುದಾ. ಮನೆಯಲ್ಲಿ ಉಣ್ಣುತ್ತಿದ್ದವರಿಗೂ ಕೆಂಡಜ್ವರ ಏರಿ ಆಸ್ಪತ್ರೆ ಸೇರಿದ ಮೇಲೆ ಅನ್ನ ಮಣ್ಣಿನಂತೆ ರುಚಿಸುತ್ತಿತ್ತು, ಅವರ ಮಂಚದ ಕೆಳಗೆ ಗಂಜಿಯ ಬಟ್ಟಲುಗಳು ತುಂಬಿದಂತೆಯೇ ಇರುತ್ತಿದ್ದವು. ಗಟ್ಟಿಮುಟ್ಟಾದವರು ಎಂದು ಕರೆತಂದದ್ದು ಪೊಲೀಸ್ ತರಬೇತಿಯ ಹುಡುಗರನ್ನು. ಅವರು ಉಪ್ಪಿಟ್ಟು ಹೊಡೆದು ತೇಗುತ್ತ ಸಾಲಾಗಿ ನಿಂತಿದ್ದರು. ಎರಡಕ್ಕೂ ಏನು ವ್ಯತ್ಯಾಸ ಎಂದು ಯಂತ್ರವನ್ನು ಕೇಳಿದರೆ ಅದು ಏನು ಹೇಳೀತು?

"ಸರ್, ದೀಪಕ್ಕ ರೋಗ ಗೊತ್ತಿಲ್ರಿ! ಅದು ಕಲತದ್ದು ಹಸಿವಿ! ಯಾರ ಮನ್ಯಾಗ ಊಟ ಇಲ್ಲ, ಆ ಮನಿ ಕೆಂಪಾಗೇತ್ರಿ. ಮುಚ್ಚಿದ ಮನಿ ಹಸಿರಾಗಲಿ ಹೆಂಗ್ರಿ, ಒಳಗ ಅನ್ನ ಯಾರು ಕೊಟ್ಟಾರ?"

ನರಗುಂದಕರ ನಕಾಶೆಯ ಕಡೆ ತಿರುಗಿದರು. ಅವರಿಗೆ ಅರ್ಥವಾಗಿತ್ತು. ದಡ್ಡರಲ್ಲ ಅವರು. "ಮೆಲ್ಲಕ ಮಾತಾಡ್ರಿ," ಎಂದರು. "ಈಗ ಇದನ್ನ ಹೊರಗ ಹೇಳಿದ್ರ, ಸತ್ತವರಿಗೆಲ್ಲಾ ಯಾರು ಉತ್ತರಾ ಕೊಡೂದು?"

ಅವರು ಎದ್ದು ತಾವೇ ಗುಂಡಿ ಒತ್ತಿದರು. ಕುಮುದಾ ಯಾರದೋ ಸ್ಕೂಟರಿನ ಕೀಲಿ ಕಸಿದುಕೊಂಡು ಓಡಿದಳು.

ಓಣಿ ತಲುಪುವಷ್ಟರಲ್ಲಿ ಪಡೆಯವರು ಕಲ್ಲವ್ವನ ಬಾಗಿಲ ಮುಂದೆ ನೆರೆದಿದ್ದರು. ಕಬ್ಬಿಣದ ರಾಡು, ಬಡಿಗೆ, ಎರಡು ಕ್ಯಾನು ಪೆಟ್ರೋಲು. ಚನ್ನವೀರ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಪಡೆಗೆ ಅವನೇ ಮುಂದಾಳು, ಆದರೆ ಇವತ್ತು ಯಾರೂ ಅವನ ಮಾತು ಕೇಳುತ್ತಿರಲಿಲ್ಲ.

"ಮೊಳಿ ಹೊಡೀರಿ ಬೇಕಾರ. ಸುಡಬ್ಯಾಡ್ರಿ. ಕೈಮುಗೀತೀನ್ರೋ," ಎನ್ನುತ್ತಿದ್ದ.

"ಫಕೀರವ್ವಗ ಒಂದು ನ್ಯಾಯ, ನಿಮ್ಮವ್ವಗ ಒಂದು ನ್ಯಾಯ ಏನಲೇ?" ಯಮನೂರ ರಾಡಿನಿಂದ ದೀಪವನ್ನು ತೋರಿಸಿದ. "ನೀನ ಹೇಳಿಕೊಟ್ಟೀಯಲ್ಲ, ದೀಪ ಕೆಂಪಾದ್ರ ನಮ್ಮ ಕೈಯಾಗ ಏನೂ ಇಲ್ಲ ಅಂತ?"

ಕುಮುದಾ ಗುಂಪಿನೊಳಗೆ ನುಗ್ಗಿ, ಇದು ಜ್ವರವಲ್ಲ, ಉಪವಾಸ ಎಂದು ಗಂಟಲು ಹರಿಯುವಂತೆ ಕೂಗಿದಳು. ಯಾರೋ ಬಡಿಗೆ ಬೀಸಿದರು. ಎಡಗೈಯ ಎಲುಬು ಮುರಿದದ್ದು ಅವಳಿಗೇ ಕೇಳಿಸಿತು. ಚನ್ನವೀರ ಅವಳನ್ನು ಜಗ್ಗಿ ಮನೆಯೊಳಗೆ ತಳ್ಳಿದ.

ಒಳಗೆ ಕಲ್ಲವ್ವ ಗೋಡೆಗೆ ಒರಗಿ ಕೂತಿದ್ದಳು. ಕುಮುದಾ ಒಂದೇ ಕೈಯಲ್ಲಿ ಬೆಲ್ಲದ ಡಬ್ಬಿ ಕೆಡವಿ, ಒಂದು ಹಿಡಿ ತಂಬಿಗೆಯ ನೀರಿಗೆ ಹಾಕಿ ಅವ್ವನ ಬಾಯಿಗೆ ಹಿಡಿದಳು. "ಕುಡಿಬೇ. ಒಂದು ತಾಸಿನ್ಯಾಗ ದೀಪ ಹಸಿರಾಗತೈತಿ. ಅಷ್ಟೊತ್ತು ಹೆಂಗರ ತಡೀತೀವಿ."

"ಹೆಣಾ ಎತ್ರಿ, ಕುಡೀತೀನಿ."

"ನಿನ್ನ ಸುಡತಾರ ಯವ್ವಾ!" ಕುಮುದಾ ಅವಳ ದವಡೆ ಒತ್ತಿ ಹಿಡಿದು ನೀರು ಸುರಿದಳು. ಕಲ್ಲವ್ವ ಅದನ್ನು ಮಗಳ ಮುಖಕ್ಕೇ ಉಗುಳಿದಳು.

"ಸುಡಲಿ. ಆಕಿ ನನ್ನ ಗ್ವಾಡಿ ಮಗ್ಗಲ ಸಾಯಾಕತ್ತಿದ್ಲು, ನಾ ಉಣಕೊಂತ ಕೂತಿದ್ದೆ. ಇನ್ನ ಸತ್ತಮ್ಯಾಲೂ ಉಂಡ್ರ, ನಾನೂ ಆಕಿ ಬಾಗಲಕ್ಕ ಒಂದು ಮೊಳಿ ಹೊಡದಂಗ ಆತು."

ಈ ಮಾತು ಬಾಗಿಲಲ್ಲಿದ್ದ ಚನ್ನವೀರನಿಗೆ ಕೇಳಿಸಿತು. ಅವನು ಒಬ್ಬನ ಕೈಯಿಂದ ರಾಡು ಕಸಿದುಕೊಂಡು ಪಕ್ಕದ ಮನೆಗೆ ನಡೆದ. ತಾನೇ ಭುಜ ಕೊಟ್ಟು ಕೂರಿಸಿದ ಹಲಗೆಗಳಿಗೆ ರಾಡು ಸಿಕ್ಕಿಸಿ ಕಿತ್ತ. ಬಾಗಿಲು ತೆರೆದಾಗ ನಾತಕ್ಕೆ ಪಡೆಯವರು ಹಿಂದೆ ಸರಿದರು. ಒಳಗೆ ಹಿಟ್ಟಿನ ಡಬ್ಬಿಗಳು ಬೋರಲು ಬಿದ್ದಿದ್ದವು. ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ. ಫಕೀರವ್ವ ಹಿಟ್ಟು ನಾದುವ ಮರದ ಖಾಲಿ ಕೊಣಮಿಗೆಯ ಮುಂದೆ, ರೊಟ್ಟಿ ಬಡಿಯುವ ಭಂಗಿಯಲ್ಲೇ ಮಗ್ಗುಲಾಗಿ ಬಿದ್ದಿದ್ದಳು. ಹಿಟ್ಟಿಲ್ಲದ ಬರೀ ಮರಕ್ಕೆ ಬಡಿದೂ ಬಡಿದೂ ಅವಳ ಎಡಗೈ ಬಾತು ಕಪ್ಪಾಗಿತ್ತು. ಓಣಿಯವರೆದುರು ತನ್ನ ಮರ್ಯಾದೆ ಕಾಯ್ದುಕೊಳ್ಳಲು ಅವಳು ಕೊನೆಯವರೆಗೂ ಅಡುಗೆ ಮಾಡಿದ್ದಳು.

ಚನ್ನವೀರ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದ. ಭಾರವೇ ಇರಲಿಲ್ಲ.

"ಮುಟ್ಟಿದ! ಕೆಂಪು ಮನೀ ಹೆಣಾ ಮುಟ್ಟಿದ!" ಯಮನೂರನ ದನಿ ಹೆದರಿಕೆಗೆ ಹೆಂಗಸಿನ ದನಿಯಂತೆ ಕೀರಲಾಯಿತು. ಮೊದಲ ಏಟು ಅವನದೇ, ಮೊಣಕಾಲಿಗೆ. ಚನ್ನವೀರ ಕುಸಿದ, ಆದರೆ ಹೆಣವನ್ನು ಬಿಡಲಿಲ್ಲ. ಎರಡನೆಯದು ಬೆನ್ನಿಗೆ. ಆಮೇಲೆ ಎಲ್ಲರೂ ಸೇರಿದರು. ದೂರದಿಂದ ಹೊಡೆಯಲೆಂದು ಉದ್ದನೆಯ ಬಡಿಗೆ ಹುಡುಕಿ ತಂದರು. ತಲೆ ಒಡೆದ ಮೇಲೂ ಕೆಲವರು ಹೊಡೆಯುತ್ತಲೇ ಇದ್ದರು, ನಿಲ್ಲಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ಕಲ್ಲವ್ವ ಹೊರಗೆ ಬಂದು ಮಗನ ಮೇಲೆ ಬಿದ್ದಳು. ಪೆಟ್ರೋಲಿನ ಕ್ಯಾನು ಹಿಡಿದವನು ಅವಳನ್ನೂ ಹೆಣಗಳನ್ನೂ ನೋಡಿ, ಕ್ಯಾನು ಅಲ್ಲೇ ಇಟ್ಟು ಹಿಂದಕ್ಕೆ ಹೆಜ್ಜೆ ಹಾಕಿದ. ಪಡೆಯವರು ಓಣಿಯ ಎರಡೂ ಬಾಯಿಗೆ ಎತ್ತಿನ ಬಂಡಿ ಅಡ್ಡ ಹಾಕಿ, ಒಳಗಿದ್ದವರು ಹೊರಗೆ ಬಂದರೆ ಕಡಿಯುತ್ತೇವೆ ಎಂದು ಸಾರಿ, ಆಚೆ ಕಾವಲು ಕೂತರು.

ಓಣಿಯ ನಡುವೆ ಎರಡು ಹೆಣ. ಕಿಟಕಿ ಮುಚ್ಚಿಕೊಂಡರೂ ಕಾಣುತ್ತಿದ್ದವು. ಯಾರೂ ಯಾರಿಗೂ ಹೇಳಲಿಲ್ಲ, ಆದರೆ ಅವತ್ತು ಹುಣಸಿಕಟ್ಟಿ ಓಣಿಯಲ್ಲಿ ಒಂದು ಮನೆಯ ಒಲೆಯೂ ಹೊತ್ತಲಿಲ್ಲ. ಮಕ್ಕಳಿಗೆ ಹಳಸಿದ ರೊಟ್ಟಿ ಕೊಟ್ಟು ದೊಡ್ಡವರು ನೀರು ಕುಡಿದರು. ಮರುದಿನವೂ ಹಾಗೆಯೇ. ಕುಮುದಾ ಮುರಿದ ಕೈಯನ್ನು ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ತಮ್ಮನ ಮೇಲಿನ ನೊಣ ಓಡಿಸುತ್ತ ಕೂತಿದ್ದಳು. ಅವಳಿಗೆ ಅಳು ಬರಲಿಲ್ಲ. ಬಂದದ್ದು ಬರೀ ಸಿಟ್ಟು. ನರಗುಂದಕರ ಮೇಲೆ, ಯಮನೂರನ ಮೇಲೆ, ಗುಂಡಿ ಒತ್ತಿದ ತನ್ನ ಬೆರಳಿನ ಮೇಲೆ.

ಮೂರನೆಯ ದಿನ ಬೆಳಿಗ್ಗೆ ಓಣಿಯ ದೀಪಗಳು ಒಂದರ ಹಿಂದೆ ಒಂದು ಕೆಂಪಾದವು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮನೆಯೂ ಕೆಂಪು, ಓಣಿಯ ಇನ್ನೊಂದು ತುದಿಯಲ್ಲಿದ್ದ ಯಮನೂರನ ಮನೆಯೂ. ಅವನ ತಾಯಿ ಸಂಕವ್ವ ಕೂಡ ಉಂಡಿರಲಿಲ್ಲ. ಯಮನೂರ ಬಂಡಿ ಹಾರಿ ಬಂದು ಕಟ್ಟೆ ಹತ್ತಿ, ದೀಪಕ್ಕೆ ಕಂಬಳಿ ಮುಚ್ಚಲು ಹೋದ. ಅವನ ಜೊತೆಯವರು ನೋಡಿಬಿಟ್ಟರು. ಕಾಲು ಹಿಡಿದು ಕೆಳಗೆ ಎಳೆದರು. ಚನ್ನವೀರನ ರಕ್ತ ಒಣಗಿದ್ದ ಬಡಿಗೆಯಲ್ಲೇ ಅವನ ಬಾಯಿಗೆ ಹೊಡೆದರು. ಹಲ್ಲುಗಳು ಮಣ್ಣಿಗೆ ಬಿದ್ದವು.

ಅವನು ಸಾಯಲಿ ಎಂದು ಕುಮುದಾಳ ಮನಸ್ಸು ಬಯಸಿತು. ಬಯಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎದ್ದು ಬಂದವಳು ಕಲ್ಲವ್ವ. ಮೂರು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತ ಬಂದು ಬಡಿಗೆಗಳ ನಡುವೆ ನಿಂತಳು. "ಇನ್ನೊಂದು ಹೆಣಾ ಕೆಡವಬ್ಯಾಡ್ರೋ," ಎಂದಳು, ಬಹಳ ದಣಿದ ದನಿಯಲ್ಲಿ. "ಇನ್ನೆಷ್ಟ ದಿನಾ ಉಪಾಸ ಇರೂಣು ನಾವು?"

ಬಡಿಗೆ ಎತ್ತಿದವರು ಸುತ್ತ ನೋಡಿದರು. ಪ್ರತಿ ಬಾಗಿಲಲ್ಲೂ ಹೆಂಗಸರು ಬಂದು ನಿಂತಿದ್ದರು, ಪ್ರತಿ ತಲೆಯ ಮೇಲೂ ಕೆಂಪು ದೀಪ. ಸುಡಬೇಕಾದರೆ ಇಡೀ ಓಣಿಯನ್ನೇ ಸುಡಬೇಕಿತ್ತು, ಅದರಲ್ಲಿ ಅವರ ಅತ್ತೆ, ಅಕ್ಕಂದಿರ ಮನೆಗಳೂ ಇದ್ದವು.

"ಹೆಣಾ ಎತ್ತಾಕ ಬಿಡ್ರಿ," ಎಂದಳು ಕುಮುದಾ. "ಆಮ್ಯಾಲೆ ಸಂಜಿತನಕಾ ಇಲ್ಲೇ ನಿಂತು ನೋಡ್ರಿ. ದೀಪ ಹಸಿರಾಗದಿದ್ರ ಮೊದಲು ನನ್ನ ಸುಡ್ರಿ."

ಸಂಕವ್ವ ಮೊದಲು ಹೆಗಲು ಕೊಟ್ಟಳು. ಹೆಂಗಸರು ಹೆಣಕ್ಕೆ ಹೆಗಲು ಕೊಡುವ ಪದ್ಧತಿ ಅಲ್ಲಿಲ್ಲ, ಆದರೆ ಅವತ್ತು ಯಾರೂ ಆ ಮಾತು ತೆಗೆಯಲಿಲ್ಲ. ಬಂಡಿ ಸರಿಯಿತು. ಓಣಿಯ ಹಿಂದಿನ ಬಯಲಲ್ಲಿ ಇಬ್ಬರನ್ನೂ ಅಕ್ಕಪಕ್ಕ ಮಣ್ಣು ಮಾಡಿದರು. ಬಂದು ಮೈ ತೊಳೆದರು. ಆಮೇಲೆ ಒಂದು ಮನೆಯಿಂದ ಹೊಗೆ ಎದ್ದಿತು, ಮತ್ತೊಂದರಿಂದ. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುಂಬ ಕೇಳಿಸಿತು, ಅದರ ಹಿಂದೆಯೇ ಸುಡುವ ಘಮ ಬಂತು. ಆಚೆ ನಿಂತಿದ್ದ ಪಡೆಯವರ ಬಾಯಲ್ಲೂ ನೀರು ಬಂತು.

ಹೆಣ ಎತ್ತಿದ ಮನೆಗೆ ನೆರೆಯವರೇ ಊಟ ತರಬೇಕು. ಸಂಕವ್ವ ಬುಟ್ಟಿಯಲ್ಲಿ ರೊಟ್ಟಿ, ಝುಣಕ ತಂದು ಕಲ್ಲವ್ವನ ಮುಂದೆ ಇಟ್ಟು, ತಲೆ ಎತ್ತದೆ ಕೂತಳು. ಅವಳ ಮಗನೇ ಕೊಂದದ್ದು. ಕಲ್ಲವ್ವ ಆ ಬುಟ್ಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ತುಂಡು ಮುರಿದು ಬಾಯಿಗೆ ಇಟ್ಟುಕೊಂಡಳು.

ಹೊತ್ತು ಮುಳುಗುವಾಗ ಅವಳ ಬಾಗಿಲ ದೀಪ ಮಿಣುಕಿ ಹಸಿರಾಯಿತು. ಆಮೇಲೆ ನಿಂಗಮ್ಮಾಯಿಯದು. ಹೀಗೆ ಉಂಡ ಮನೆಗಳೆಲ್ಲ ಒಂದೊಂದಾಗಿ. ಯಾವ ಔಷಧವೂ ಇಲ್ಲ, ಯಾವ ಡಾಕ್ಟರೂ ಬಂದಿಲ್ಲ. ಪಡೆಯವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎಷ್ಟೋ ಬಾಗಿಲುಗಳಿಗೆ ಮೊಳೆ ಹೊಡೆದಿದ್ದವರಲ್ಲಿ ಒಬ್ಬ ಗೋಡೆಯ ಕಡೆ ತಿರುಗಿ ವಾಂತಿ ಮಾಡಿಕೊಂಡ.

ಯಮನೂರ ಹರಿದ ತುಟಿಯನ್ನು ಟವೆಲ್ಲಿನಿಂದ ಒತ್ತಿಕೊಂಡು ಕಲ್ಲವ್ವನ ಕಟ್ಟೆಯ ಕೆಳಗೆ ಬಂದು ನಿಂತ. ಪಕ್ಕದ ಮನೆಯ ಕಿತ್ತ ಬಾಗಿಲನ್ನೂ, ಅದರಲ್ಲಿ ಇನ್ನೂ ಉಳಿದಿದ್ದ ತನ್ನ ಮೊಳೆಗಳನ್ನೂ ನೋಡಿದ.

"ಚಿಗವ್ವಾ," ಎಂದ. ಹಲ್ಲಿಲ್ಲದ ಬಾಯಿಂದ ಮಾತು ಸರಿಯಾಗಿ ಹೊರಡಲಿಲ್ಲ. "ಹಂಗಾರ ಫಕೀರವ್ವಗ ಏನಾಗಿತ್ತು?"

ಕಲ್ಲವ್ವ ಬಾಯಲ್ಲಿದ್ದ ತುತ್ತನ್ನು ನುಂಗಿದಳು.

"ಹಸಿವಿ ಆಗಿತ್ತೋ ಯಪ್ಪಾ," ಎಂದಳು.